ಸ್ಟ್ಯಾಂಡಪ್ ಯಾರಿಗಾಗಿ?

ಬೆಂಗಳೂರಿನ ಬಹುಪಾಲು ಸಾಫ್ಟ್‌ವೇರ್ ಟೀಮುಗಳಿಗೆ ಸ್ಟ್ಯಾಂಡಪ್ ಎಂಬ ಕಿರುಸಭೆ ಇಲ್ಲದ ದಿನವಿಲ್ಲ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನಾದರೂ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಒಬ್ಬೊಬ್ಬರೂ ಸರದಿಯಂತೆ ಉತ್ತರ ಹೇಳುತ್ತಾರೆ. ಸರದಿ ಬರುವ ತನಕ ಏನು ಹೇಳಲಿ ಎಂಬ ಯೋಚನೆ, ಬಂದುಹೋದ ಮೇಲೆ ಮೈಕ್ ಮ್ಯೂಟ್. ಅಜೈಲ್ ಪದ್ಧತಿಯ ಆಚರಣೆಗಳಲ್ಲಿ ಇದರಷ್ಟು ಹರಡಿದ್ದು ಇನ್ನೊಂದಿಲ್ಲ. ಇದರಷ್ಟು ಹದಗೆಟ್ಟದ್ದೂ ಇಲ್ಲ.

ಇದರ ಮೂಲ ಬೇರೆಯೇ ಇತ್ತು. 1990ರ ದಶಕದ ಆರಂಭದಲ್ಲಿ ಬೋರ್ಲ್ಯಾಂಡ್ ಕಂಪನಿಯ ಒಂದು ಸಣ್ಣ ತಂಡ ವಿಂಡೋಸ್‌ಗಾಗಿ ಕ್ವಾಟ್ರೊ ಪ್ರೊ ಎಂಬ ಸ್ಪ್ರೆಡ್‌ಶೀಟ್ ಕಟ್ಟಿತು. ಆ ತಂಡವನ್ನು ಹತ್ತಿರದಿಂದ ಅಧ್ಯಯನ ಮಾಡಿದ ಸಂಶೋಧಕ ಜೇಮ್ಸ್ ಕೋಪ್ಲಿಯನ್‌ಗೆ ಎದ್ದು ಕಂಡದ್ದು ಅವರು ಪರಸ್ಪರ ಮಾತಾಡುತ್ತಿದ್ದ ಪರಿ. ಅವರ ಸಭೆಗಳಲ್ಲಿ ವರದಿ ಒಪ್ಪಿಸುವ ಕೆಲಸ ನಡೆಯುತ್ತಿರಲಿಲ್ಲ. ಒಬ್ಬರ ಕೋಡು ಇನ್ನೊಬ್ಬರ ಕೋಡಿಗೆ ಎಲ್ಲಿ, ಹೇಗೆ ಕೂಡಬೇಕೆಂದು ವಾದ ಮಾಡಿ ಅಲ್ಲಿಯೇ ತೀರ್ಮಾನಿಸುತ್ತಿದ್ದರು. ಅಜೈಲ್‌ನ ಒಂದು ಬಗೆಯಾದ ಸ್ಕ್ರಮ್ ಅನ್ನು ರೂಪಿಸಿದವರಲ್ಲೊಬ್ಬರಾದ ಜೆಫ್ ಸದರ್‌ಲ್ಯಾಂಡ್ ದಿನದ ಸಭೆಯ ಕಲ್ಪನೆಯನ್ನು ಈ ಅಧ್ಯಯನದಿಂದ ಪಡೆದರು. 2001ರ ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಮ್ಯಾನಿಫೆಸ್ಟೋ ಬರೆದಾಗಲೂ ಮೊದಲ ಸಾಲಿನಲ್ಲೇ ಪ್ರಕ್ರಿಯೆಗಿಂತ, ಸಲಕರಣೆಗಿಂತ ಜನರನ್ನೂ ಅವರ ಒಡನಾಟವನ್ನೂ ಮೇಲಿಟ್ಟರು.

ಹಾಗಾದರೆ ಎಡವಿದ್ದೆಲ್ಲಿ? ಸಭೆಯೊಳಗೆ ಮ್ಯಾನೇಜರ್ ಬಂದು ಕೂತಲ್ಲಿ. ಮಾತೆಲ್ಲ ಅವರತ್ತ ತಿರುಗಿತು. ಪಕ್ಕದವರಿಗೆ ಬೇಕಾದ ಸುದ್ದಿ ಹಿಂದೆ ಸರಿದು, ತಾನು ದುಡಿದೆ ಎಂದು ತೋರಿಸುವ ಪಟ್ಟಿ ಮುಂದೆ ಬಂತು. ಇದರ ಪೆಟ್ಟು ಹೆಚ್ಚು ಬೀಳುವುದು ಹೊಸದಾಗಿ ಸೇರಿದ ಫ್ರೆಶರ್‌ಗಳ ಮೇಲೆ. ಎರಡು ದಿನದಿಂದ ಒಂದೇ ಬಗ್‌ನಲ್ಲಿ ಸಿಕ್ಕಿಬಿದ್ದ ಹುಡುಗಿ, ಅಪ್ರೈಸಲ್ ಬರೆಯುವವರು ಎದುರಿಗಿರುವಾಗ, “ನೋ ಬ್ಲಾಕರ್ಸ್” ಎಂದು ಹೇಳಿ ಸುಮ್ಮನಾಗುತ್ತಾಳೆ. ಪಕ್ಕದಲ್ಲಿದ್ದವರು ಹತ್ತು ನಿಮಿಷದಲ್ಲಿ ಬಿಡಿಸಬಹುದಾಗಿದ್ದ ಗಂಟು ಸ್ಪ್ರಿಂಟ್ ಎಂಬ ಕೆಲಸದ ಸುತ್ತು ಮುಗಿಯುವವರೆಗೂ ಉಳಿಯುತ್ತದೆ. ಅಡ್ಡಿಯನ್ನು ಹೇಳಲಿಕ್ಕೆಂದೇ ಇರುವ ಸಭೆ ಅಡ್ಡಿಯನ್ನು ಬಚ್ಚಿಡಲು ಕಲಿಸುತ್ತಿದೆ. ನನ್ನ ಮುಖ್ಯ ಆಕ್ಷೇಪ ಇದೇ.

ನಮ್ಮಲ್ಲಿ ಇದಕ್ಕೆ ಗಡಿಯಾರವೂ ಕೈಜೋಡಿಸಿದೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಬೆಳಗ್ಗೆ ಎಂಟೂವರೆ ಎಂದರೆ ಇಲ್ಲಿ ರಾತ್ರಿ ಒಂಬತ್ತು. ಕ್ಲೈಂಟ್‌ಗಾಗಿ ಆ ಹೊತ್ತಿಗೆ ಸ್ಟ್ಯಾಂಡಪ್ ಇಟ್ಟರೆ ಇಲ್ಲಿಯವರ ದಿನ ಆಗಲೇ ಮುಗಿದಿರುತ್ತದೆ. ಯೋಜನೆ ಹಾಕಲು ಏನೂ ಉಳಿದಿಲ್ಲದಾಗ ವರದಿ ಒಪ್ಪಿಸುವುದಲ್ಲದೆ ಬೇರೇನು ಮಾಡಲು ಸಾಧ್ಯ? ಅಂಥ ಕರೆಗೆ ಕ್ಲೈಂಟ್ ಕಾಲ್ ಎಂದೇ ಹೆಸರಿಡಲಿ, ತಂಡದವರ ಸ್ಟ್ಯಾಂಡಪ್ ಬೆಳಗ್ಗೆ ಬೇರೆಯಾಗಿ ನಡೆಯಲಿ.

ತಪ್ಪನ್ನು ಸ್ಕ್ರಮ್ ಮೇಲೆ ಹೊರಿಸುವಂತಿಲ್ಲ. 2020ರ ಸ್ಕ್ರಮ್ ಗೈಡ್ ಆ ಮೂರು ಪ್ರಶ್ನೆಗಳನ್ನೇ ಕೈಬಿಟ್ಟಿದೆ. ಹದಿನೈದು ನಿಮಿಷದ ಈ ಸಭೆ ಡೆವಲಪರ್‌ಗಳದ್ದು, ಅದನ್ನು ಹೇಗೆ ನಡೆಸಬೇಕೆಂಬುದೂ ಅವರಿಗೇ ಬಿಟ್ಟದ್ದು ಎಂದು ಸ್ಪಷ್ಟವಾಗಿ ಹೇಳಿದೆ. ನಿಂತೇ ಮಾತಾಡಬೇಕೆಂಬ ನಿಯಮ ಕೂಡ ಅದರಲ್ಲಿಲ್ಲ.

ಜನರ ಸರದಿ ಬಿಟ್ಟು ಬೋರ್ಡಿನ ಮೇಲಿರುವ ಕೆಲಸಗಳನ್ನು ಬಲದಿಂದ ಎಡಕ್ಕೆ ನೋಡುವ ಕಾನ್‌ಬಾನ್ ಪದ್ಧತಿಯ ತಂಡಗಳ ಕ್ರಮ ನನಗೆ ಹೆಚ್ಚು ಒಪ್ಪಿತ. ಮುಗಿಯುವ ಹಂತದಲ್ಲಿರುವ ಟಿಕೆಟ್ ಮೊದಲು: ಇದು ಟೆಸ್ಟಿಂಗ್‌ನಲ್ಲಿ ಯಾಕೆ ನಿಂತಿದೆ, ಇದರ ರಿವ್ಯೂ ಯಾರು ಮಾಡುತ್ತಾರೆ? ಆಗ ಪ್ರಶ್ನೆ ಕೆಲಸದ ಮೇಲಿರುತ್ತದೆ, ಮನುಷ್ಯನ ಮೇಲಲ್ಲ. ಸುಮ್ಮನಿರುವವರಿಗೂ ಬಾಯಿ ಬರುತ್ತದೆ.

ಮ್ಯಾನೇಜರುಗಳಲ್ಲಿ ನನ್ನ ಕೇಳಿಕೆ ಇಷ್ಟೆ. ಒಂದು ಸ್ಪ್ರಿಂಟ್ ಪೂರ್ತಿ ಸ್ಟ್ಯಾಂಡಪ್‌ಗೆ ಹೋಗಬೇಡಿ. ಪ್ರಗತಿ ತಿಳಿಯಬೇಕಿದ್ದರೆ ಬೋರ್ಡ್ ನೋಡಿ. ನೀವಿಲ್ಲದೆಯೂ ತಂಡ ಸೇರಿ ಮಾತಾಡಿದರೆ ಆ ಸಭೆ ಇರಲಿ. ಯಾರೂ ಸೇರದಿದ್ದರೆ ಅದು ತಂಡಕ್ಕೆ ಬೇಕಿರಲಿಲ್ಲ, ನಿಲ್ಲಿಸಿಬಿಡಿ.