ದನಿ ನಿಂತ ಗಾಯಕನ ಸಿನಿಮಾ

2025ರ ಮೇ ತಿಂಗಳಲ್ಲಿ ತೆರೆಕಂಡ 'ಹರಿ ಅಪ್ ಟುಮಾರೊ' ಚಿತ್ರವನ್ನು ವಿಮರ್ಶಕರು ಮುಲಾಜಿಲ್ಲದೆ ಜಾಡಿಸಿದರು. ಹಾಕಿದ ದುಡ್ಡೂ ಹುಟ್ಟಲಿಲ್ಲ. 'ದಿ ವೀಕೆಂಡ್' ಎಂದೇ ಹೆಸರಾದ ಕೆನಡಾದ ಗಾಯಕ ಏಬಲ್ ಟೆಸ್ಫಾಯೆ ಇದರಲ್ಲಿ ತಾನೇ ತಾನಾಗಿ ನಟಿಸಿದ್ದಾನೆ. 2022ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸ್ ಬಳಿಯ ಸೋಫೈ ಸ್ಟೇಡಿಯಂನಲ್ಲಿ, ಕಾರ್ಯಕ್ರಮದ ನಡುವೆಯೇ ಅವನ ದನಿ ನಿಂತುಹೋಗಿತ್ತು. ಕಥೆ ಹುಟ್ಟಿದ್ದು ಅಲ್ಲಿಂದ.

ಎಂಥ ವಸ್ತು! ಕಿಕ್ಕಿರಿದ ಜನರ ಮುಂದೆ ಬಾಯಿ ತೆರೆದರೂ ಸ್ವರ ಬಾರದ ಆ ದೃಶ್ಯ ನನ್ನನ್ನು ಹಿಡಿದು ಕೂರಿಸಿತು. ಆದರೆ ಮುಂದೆ ಅಭಿಮಾನಿ ಹುಡುಗಿಯೊಬ್ಬಳು ಅವನನ್ನು ಹೋಟೆಲಿನ ಮಂಚಕ್ಕೆ ಕಟ್ಟಿಹಾಕಿ, ಅವನ ಹಾಡುಗಳಿಗೇ ಕುಣಿಯುತ್ತ ಅರ್ಥ ಬಿಡಿಸತೊಡಗುತ್ತಾಳೆ. ಅಲ್ಲಿಗೆ ಸಿನಿಮಾ ಕೈತಪ್ಪಿತು. ಈ ಗಾಯಕ ಏನು ಕಲಿತ, ದಿನಾ ಹೇಗೆ ಸಾಧನೆ ಮಾಡುತ್ತಾನೆ ಎಂಬುದನ್ನು ನಿರ್ದೇಶಕ ಟ್ರೇ ಎಡ್ವರ್ಡ್ ಶುಲ್ಟ್ಸ್ ತೋರಿಸುವುದೇ ಇಲ್ಲ. ಸಂಗೀತ ಕಾಣದೆ ಬರೀ ಖ್ಯಾತಿ ಕಂಡರೆ, ದನಿ ಹೋದಾಗ ಹೋದದ್ದೇನೆಂದು ನಮಗೆ ತಟ್ಟುವುದಾದರೂ ಹೇಗೆ?

ಜಿ.ವಿ. ಅಯ್ಯರ್ ಅವರ 'ಹಂಸಗೀತೆ' (1975) ಇದನ್ನು ಬಲ್ಲ ಸಿನಿಮಾ. ತರಾಸು ಕಾದಂಬರಿಯ ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತನಾಗ್. ಆ ಗಾಯಕನ ಕಲಿಕೆ, ಹೆಸರು ಬಂದ ಮೇಲಿನ ಹಮ್ಮು, ಅದು ಇಳಿಯುವ ನೋವು ಎಲ್ಲವೂ ನಾದದ ಮೂಲಕವೇ ನಮ್ಮನ್ನು ಮುಟ್ಟುತ್ತವೆ. ಬಾಲಮುರಳಿಕೃಷ್ಣ ಈ ಚಿತ್ರದ ಗಾಯನಕ್ಕೇ ರಾಷ್ಟ್ರಪ್ರಶಸ್ತಿ ಪಡೆದರು. ಆಳುವವನ ಅಪ್ಪಣೆಗೆ ಹಾಡಲೊಲ್ಲದೆ ವೆಂಕಟಸುಬ್ಬಯ್ಯ ನಾಲಿಗೆ ಕೊಯ್ದುಕೊಂಡಾಗ ಕರುಳು ಕಿವುಚುವುದು ಅದಕ್ಕೇ: ಅಷ್ಟು ಹೊತ್ತೂ ಆ ಹಾಡನ್ನು ಕೇಳಿದ್ದೇವೆ.

ಎನ್. ಬೇಗೂರೆಂಬ ಊರಿನಲ್ಲಿ ಕೂತು ನೋಡುವ ನನಗೆ 'ಹರಿ ಅಪ್ ಟುಮಾರೊ'ದಲ್ಲಿ ಇನ್ನೊಂದು ಕೊರತೆಯೂ ಕಂಡಿತು. ನಮ್ಮ ಸೀಮೆಯ ಜನಪದ ಗಾಯಕರಾದ ನೀಲಗಾರರು ಸಂತ ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ತಂಬೂರಿ ಹಿಡಿದ ಮುಖ್ಯ ಹಾಡುಗಾರ ಸೊಲ್ಲು ಬಿಟ್ಟಲ್ಲಿ ಹಿಮ್ಮೇಳ ಎತ್ತಿಕೊಳ್ಳುತ್ತದೆ. ಅವನು ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಕಥೆ ನಿಲ್ಲದು. ಟೆಸ್ಫಾಯೆಯ ಪಾತ್ರಕ್ಕೆ ಹಾಗೆ ಸೊಲ್ಲು ಎತ್ತಿಕೊಳ್ಳುವವರಿಲ್ಲ. ಜೊತೆಗಿರುವ ಮ್ಯಾನೇಜರ್ ಅವನನ್ನು ವೇದಿಕೆಗೆ ದೂಡುವವನು. ಖ್ಯಾತಿಯ ನಿಜವಾದ ಅಪಾಯ ಆ ಒಂಟಿತನದಲ್ಲಿತ್ತು. ಚಿತ್ರ ಅದನ್ನು ಬಿಟ್ಟು ಹುಡುಗಿಯ ಹುಚ್ಚಿನ ಬೆನ್ನು ಹತ್ತಿತು.

ಆದರೂ ಕೊನೆಯ ಭಾಗ ನೋಡಿ. ಕಟ್ಟಿಹಾಕಿದ ಸ್ಥಿತಿಯಲ್ಲೇ ಅವನು ವಾದ್ಯವಿಲ್ಲದೆ ಶೀರ್ಷಿಕೆ ಗೀತೆ ಹಾಡುತ್ತಾನೆ. ಬರಿಗಂಟಲು, ಅದ್ಭುತ ಗಂಟಲು. ಸಿನಿಮಾ ಶುರುವಾಗಬೇಕಿದ್ದುದೇ ಅಲ್ಲಿ.