ಮೂರು ಭಾವಚಿತ್ರ, ಒಂದು ಹೆಬ್ಬೆಟ್ಟು



ಕನ್ನಡ ಪುಸ್ತಕಗಳಿಗೇ ಮೀಸಲಾದ ಈ ಪುಟದಲ್ಲಿ ಈ ಸಲ ಇಂಗ್ಲಿಷ್ ಪುಸ್ತಕವೊಂದನ್ನು ಎತ್ತಿಕೊಂಡಿದ್ದೇನೆ. ಹುಬ್ಬೇರಿಸುವವರಿಗೆ ಮೊದಲೇ ಕಾರಣ ಹೇಳಿಬಿಡುತ್ತೇನೆ. ಪುಸ್ತಕ ರಘು ಕಾರ್ನಾಡರ ‘ಫಾರ್ದೆಸ್ಟ್ ಫೀಲ್ಡ್’. ಬಂದದ್ದು 2015ರಲ್ಲಿ. ಮರುವರ್ಷ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆಯಿತು. ಲೇಖಕರು ನಮ್ಮ ಗಿರೀಶ ಕಾರ್ನಾಡರ ಮಗ. ಕಥೆಯ ಮೂವರಲ್ಲಿ ಒಬ್ಬ ಕೊಡಗಿನವನು. ಇವೆರಡಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಮ್ಮ ಅಜ್ಜ ಅಜ್ಜಿಯರ ಬಗ್ಗೆ ನಾಳೆ ಯಾರಾದರೂ ಬರೆದರೆ ಇಲ್ಲಿ ಬೆಳೆದ ನಮ್ಮ ಮಕ್ಕಳೇ ಬರೆಯಬೇಕು. ಬರೆದರೆ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಹಾಗೆ ಬರೆಯುವಾಗ ಏನು ಮಾಡಬಹುದು, ಏನು ಮಾಡಬಾರದು ಎಂಬ ಪ್ರಶ್ನೆಗೆ ಈ ಪುಸ್ತಕ ಒಳ್ಳೆಯ ಮಾದರಿ, ಒಳ್ಳೆಯ ಎಚ್ಚರಿಕೆ, ಎರಡೂ ಹೌದು.

ಕಥೆಯ ಎಳೆ ಸರಳ. ಬಾಲ್ಯದಿಂದ ಮನೆಯಲ್ಲಿ ನೋಡುತ್ತ ಬಂದ ಮೂವರು ಯುವಕರ ಭಾವಚಿತ್ರಗಳು. ಒಬ್ಬ ತಾಯಿಯ ತಂದೆ, ಕೊಡವರ ಗಣಪತಿ, ಮನೆಯವರ ಬಾಯಲ್ಲಿ ‘ಗ್ಯಾನಿ’. ಇನ್ನೊಬ್ಬ ಅಜ್ಜಿಯ ತಮ್ಮ ಬಾಬಿ. ಮತ್ತೊಬ್ಬ ಅಜ್ಜಿಯ ತಂಗಿಯ ಗಂಡ ಮಾಣೆಕ್. ಅಜ್ಜಿ ಕಲ್ಲಿಕೋಟೆಯ ಪಾರ್ಸಿ ಮನೆತನದವರು, ವೈದ್ಯೆ. ಮೂವರೂ ಎರಡನೆಯ ಮಹಾಯುದ್ಧಕ್ಕೆ ಹೋದವರು, ಮೂವರೂ ತಿರುಗಿ ಬರಲಿಲ್ಲ. ಗ್ಯಾನಿ ಸೇನೆಯ ವೈದ್ಯನಾಗಿ ವಾಯವ್ಯ ಗಡಿ ಪ್ರಾಂತ್ಯಕ್ಕೆ ಹೋಗಿ ಅಲ್ಲಿ ಗುಂಡಿಗಲ್ಲ, ಕಾಯಿಲೆಗೆ ಬಲಿಯಾದ. ಮಾಣೆಕ್ ವಾಯುಪಡೆಯ ಪೈಲಟ್, ಬರ್ಮಾ ಗಡಿಯ ಯುದ್ಧಕ್ಕೆ ಹೋದವನು. ಬಾಬಿ ಸೇನೆಯ ಎಂಜಿನಿಯರ್, 1944ರಲ್ಲಿ ಇಂಫಾಲದ ಕಡೆ ತೀರಿಕೊಂಡ. ಅವರನ್ನು ಹತ್ತಿರದಿಂದ ಬಲ್ಲವರು ಬಹುಪಾಲು ಇಲ್ಲವಾದ ಮೇಲೆ ಮೊಮ್ಮಗ ಹುಡುಕಾಟಕ್ಕೆ ಇಳಿಯುತ್ತಾನೆ. ಮನೆಯ ಕಾಗದಪತ್ರ, ಬಂಧುಗಳ ನೆನಪು, ಪತ್ರಾಗಾರ, ಸೇನೆಯ ದಾಖಲೆ ಎಲ್ಲ ಸೇರಿಸಿ ಒಂದು ಕುಟುಂಬದ ಕಥೆ ಕಟ್ಟುತ್ತಾನೆ.

ಪುಸ್ತಕದ ದೊಡ್ಡ ಗೆಲುವು ಇರುವುದು ಆ ಕಾಲದ ಇಕ್ಕಟ್ಟನ್ನು ನಮ್ಮ ಮುಂದೆ ನಿಲ್ಲಿಸುವುದರಲ್ಲಿ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಒಬ್ಬ ಭಾರತೀಯ ನಾಯಕನನ್ನೂ ಕೇಳದೆ ಭಾರತ ಯುದ್ಧದಲ್ಲಿದೆ ಎಂದು ಘೋಷಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆ ಇಪ್ಪತ್ತೈದು ಲಕ್ಷ ದಾಟಿತ್ತು. ಕಡ್ಡಾಯ ಭರ್ತಿ ಇಲ್ಲದೆ ಕಟ್ಟಿದ ಸೇನೆಗಳಲ್ಲಿ ಜಗತ್ತಿನಲ್ಲೇ ಅದು ದೊಡ್ಡದು. 1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ. ಹಾಸ್ಟೆಲಿನ ಗೆಳೆಯ ಜೈಲಿಗೆ, ಇವನು ಸೇನೆಗೆ. 1943ರಲ್ಲಿ ಬಂಗಾಳದ ಬರ. 1944ರಲ್ಲಿ ಇಂಫಾಲದ ಬೆಟ್ಟಗಳಲ್ಲಿ ಎದುರಿಗೆ ಜಪಾನಿಯರು, ಅವರ ಜೊತೆಗೆ ಸುಭಾಷರ ಐ.ಎನ್.ಎ. ನಮ್ಮವರು ನಮ್ಮವರ ಮೇಲೇ ಗುಂಡು ಹಾರಿಸಿದರು. ಮುಂದೆ ಸ್ವಾತಂತ್ರ್ಯ ಬಂದಾಗ ಐ.ಎನ್.ಎ.ಯವರಿಗೆ ಹಾಡು, ಹಾರ, ಬೀದಿಯ ಹೆಸರು ಸಿಕ್ಕವು. ಇವರಿಗೆ ಸಿಕ್ಕದ್ದು ಮೌನ. ದೇಶದ್ರೋಹಿಗಳು ಎನ್ನಲು ಬಾಯಿ ಬರಲಿಲ್ಲ, ವೀರರು ಎನ್ನಲು ಮನಸ್ಸು ಬರಲಿಲ್ಲ. ಕಾರ್ನಾಡರು ಎರಡು ಪಕ್ಷದ ವಕಾಲತ್ತನ್ನೂ ವಹಿಸುವುದಿಲ್ಲ. ಸಂಬಳ, ಸಾಹಸ, ಸ್ನೇಹಿತರು ಹೋದರು ಎಂಬ ಕಾರಣ, ಫ್ಯಾಸಿಸಂ ಮೇಲಿನ ಸಿಟ್ಟು, ಇವೆಲ್ಲ ಒಬ್ಬನೊಳಗೇ ಕಲಸಿಕೊಂಡಿರಬಹುದು ಎಂಬುದನ್ನು ತಾಳ್ಮೆಯಿಂದ ತೋರಿಸುತ್ತಾರೆ. ಇಷ್ಟಕ್ಕಾಗಿಯೇ ಪುಸ್ತಕ ಓದಬೇಕು.

ಇನ್ನು ನನ್ನ ತಕರಾರಿಗೆ ಬರುತ್ತೇನೆ.

ಲೇಖಕರು ತಮ್ಮ ಬರವಣಿಗೆಯನ್ನು ‘ಫೊರೆನ್ಸಿಕ್ ನಾನ್‌ಫಿಕ್ಷನ್’ ಎಂದು ಕರೆದುಕೊಂಡಿದ್ದಾರೆ. ಶವಪರೀಕ್ಷೆ ಮಾಡುವವನು ಸಿಕ್ಕ ಕುರುಹುಗಳಿಂದ ನಡೆದುದನ್ನು ಊಹಿಸುತ್ತಾನಲ್ಲ, ಹಾಗೆ. ಆದರೆ ಓದುವಾಗ ಅದು ಕಾದಂಬರಿಯ ಹಾಗೆಯೇ ಹರಿಯುತ್ತದೆ. ಬಾಬಿ ಏನನ್ನು ನೋಡಿದ, ಅವನಿಗೆ ಏನನ್ನಿಸಿತು, ಎಲ್ಲವೂ ಬರುತ್ತದೆ. ಯಾವ ವಾಕ್ಯದ ಹಿಂದೆ ದಾಖಲೆ ಇದೆ, ಯಾವುದರ ಹಿಂದೆ ಮೊಮ್ಮಗನ ಪ್ರೀತಿ ಮಾತ್ರ ಇದೆ ಎಂಬುದು ಪುಟದ ಮೇಲೆ ಕಾಣುವುದಿಲ್ಲ. ನಮ್ಮ ವೃತ್ತಿಯಲ್ಲಿ ಒಂದು ನಿಯಮ ಉಂಟು. ಡೇಟಾಬೇಸಿನಲ್ಲಿ ಗೊತ್ತಿಲ್ಲದ ಮಾಹಿತಿಯ ಜಾಗದಲ್ಲಿ ‘ನಲ್’ ಇಡಬೇಕು, ಸೊನ್ನೆ ಇಡಬಾರದು. ಸೊನ್ನೆ ಇಟ್ಟರೆ ಮುಂದೆ ಬರುವವನು ಅದನ್ನು ನಿಜವಾದ ಲೆಕ್ಕ ಎಂದೇ ಕೂಡಿಸುತ್ತಾನೆ. ಸತ್ತವರ ವಿಷಯದಲ್ಲಿ ಈ ನಿಯಮ ಇನ್ನೂ ಬಿಗಿಯಾಗಿರಬೇಕು, ಏಕೆಂದರೆ ‘ನಾನು ಹಾಗೆ ಅಂದುಕೊಂಡಿರಲಿಲ್ಲಪ್ಪ’ ಎಂದು ಹೇಳಲು ಅವರು ಬರುವುದಿಲ್ಲ.

ಕಲ್ಪನೆಯೇ ಬೇಡ ಎನ್ನುತ್ತಿಲ್ಲ. ಅದಕ್ಕೆ ನಮ್ಮಲ್ಲೇ ಹಳೆಯ ಮಾದರಿ ಇದೆ: ವೀರಗಲ್ಲು. ಊರಾಚೆ ಬೇಲಿಯ ಬದಿಗೋ ಕೆರೆಯ ಏರಿಯ ಮೇಲೋ ನಿಂತ ಕಲ್ಲನ್ನು ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕೆಳಗಿನದು ಊರವರು ಕಂಡದ್ದು, ಮೇಲಿನವೆರಡು ಅವರು ನಂಬಿದ್ದು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಪಟ್ಟಿ ಬಿಟ್ಟಿರುತ್ತಾರೆ. ಯಾವ ಅರಸನ ಕಾಲ, ಯಾವ ಊರು, ಯಾರು, ಏತಕ್ಕಾಗಿ ಸತ್ತ ಎಂಬ ಶಾಸನವನ್ನು ಎಷ್ಟೋ ಕಲ್ಲುಗಳಲ್ಲಿ ಆ ಪಟ್ಟಿಯ ಮೇಲೆಯೇ ಕೆತ್ತಿರುತ್ತಾರೆ. ಕಂಡದ್ದೂ ಇದೆ, ಕಲ್ಪಿಸಿದ್ದೂ ಇದೆ, ಗೆರೆಯೂ ಇದೆ. ‘ಫಾರ್ದೆಸ್ಟ್ ಫೀಲ್ಡ್’ ಎಂಬ ಹೆಸರಿನಲ್ಲೇ ಮೇಲಿನ ಅಂತಸ್ತು ಇದೆ. ಸತ್ತವರು ನೆನಪಿನಿಂದಲೂ ಜಾರುವ ಮೊದಲು ಸೇರುವ ಒಂದು ದೂರದ ಬಯಲನ್ನು ಲೇಖಕರು ಕಟ್ಟಿಕೊಡುತ್ತಾರೆ. ಆ ಭಾಗ ನನಗೆ ತುಂಬ ಇಷ್ಟವಾಯಿತು. ಆದರೆ ಇವರ ಕಲ್ಲಿನಲ್ಲಿ ಪಟ್ಟಿಗಳನ್ನು ಉಜ್ಜಿ ನಯಮಾಡಿಬಿಟ್ಟಿದ್ದಾರೆ.

ಅಮಿತಾವ್ ಘೋಷರ ‘ದಿ ಗ್ಲಾಸ್ ಪ್ಯಾಲೆಸ್’ (2000) ಹಿಂದೆಯೂ ಅವರ ತಂದೆಯ ಸೇನೆಯ ದಿನಗಳ ನೆನಪಿದೆ. ಆದರೆ ಅದು ಕಾದಂಬರಿ ಎಂದು ಹೇಳಿಕೊಂಡೇ ಬಂದದ್ದು. ಅಲ್ಲಿ ಪಾತ್ರದ ಮನಸ್ಸಿನೊಳಗೆ ಹೋಗಲು ಯಾರ ಪರವಾನಗಿಯೂ ಬೇಡ. ಇನ್ನೊಂದು ಕಡೆ ಗಿರೀಶರ ‘ಆಡಾಡತ ಆಯುಷ್ಯ’ (2011). ತಾಯಿಯ ವೈಧವ್ಯ, ಮರುಮದುವೆ, ಮನೆಯಲ್ಲಿ ಮುಚ್ಚಿಟ್ಟ ಮಾತು ಎಲ್ಲ ಅಲ್ಲಿ ಬರುತ್ತದೆ. ಅಲ್ಲಿ ‘ನಾನು’ ಎಂಬ ಸಾಕ್ಷಿ ಎದುರಿಗೆ ಕೂತಿರುವುದರಿಂದ ಓದುಗ ಒಪ್ಪಬಹುದು, ಜಗಳವನ್ನೂ ಆಡಬಹುದು. ಮಗನ ಪುಸ್ತಕ ಈ ಎರಡರ ನಡುವಿನ ದಾರಿ ಹಿಡಿದಿದೆ. ದಾರಿ ಕಷ್ಟದ್ದು. ಹುಡುಕುತ್ತಿರುವ ಮೊಮ್ಮಗ ಕಥೆಯೊಳಗೆ ಆಗಾಗ ಬಂದು ‘ಇದು ಕಾಗದದಲ್ಲಿದೆ, ಇದು ನನ್ನ ಊಹೆ’ ಎಂದಿದ್ದರೆ ರಸಭಂಗವಾಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಈ ಮಾತು ನನಗೆ ಬರಿಯ ಸಿದ್ಧಾಂತವಲ್ಲ. ನನ್ನ ಅಜ್ಜಿಯ ಅಣ್ಣ ಹಾಸನದ ಕಡೆಯ ಹಳ್ಳಿಯಿಂದ ಹೋಗಿ ಅದೇ ಯುದ್ಧದಲ್ಲಿ ಪಯನೀರ್ ದಳದಲ್ಲಿದ್ದವರು. ಅಸ್ಸಾಮಿನಲ್ಲಿ ರಸ್ತೆ ಮಾಡುವ ಕೆಲಸ. ಬದುಕಿ ಬಂದರು, ಊರಿಗೆಲ್ಲ ‘ಮಿಲ್ಟ್ರಿ ತಾತ’ ಆಗಿ, ಹೊಲ ಉತ್ತು, ವಯಸ್ಸಾಗಿ ಹೋದರು. ಮನೆಯಲ್ಲಿ ಉಳಿದಿರುವುದು ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಒಂದು ಕಾಗದ. ಸಂಖ್ಯೆ, ಊರು, ತಾಲೂಕು, ಎತ್ತರ, ಮೈಮೇಲಿನ ಗುರುತು, ನಡತೆ ‘ಗುಡ್’. ಸಹಿಯ ಜಾಗದಲ್ಲಿ ಎಡಗೈ ಹೆಬ್ಬೆಟ್ಟು. ಅಷ್ಟೆ. ನಮ್ಮ ಸೋದರಮಾವನ ಮಗಳು ಅವರ ಬಗ್ಗೆ ಒಂದು ಪುಟ್ಟ ಪುಸ್ತಕ ಮಾಡೋಣ ಎಂದು ಹಟ ಹಿಡಿದಿದ್ದಾಳೆ. ‘ಅಣ್ಣಾ, ಬೆಟ್ಟದ ಮಳೆಯಲ್ಲಿ ನಿಂತು ತಾತ ಊರನ್ನು ನೆನೆದರು ಅಂತ ಬರೆದರೆ ಏನು ತಪ್ಪು? ನೆನೆಯದೆ ಇರ್ತಾರಾ?’ ಎನ್ನುತ್ತಾಳೆ. ನೆನೆದೇ ಇರುತ್ತಾರೆ. ಆದರೆ ಏನನ್ನು ನೆನೆದರು? ಹೆಂಡತಿಯನ್ನೋ, ಎತ್ತನ್ನೋ, ತೀರದ ಸಾಲವನ್ನೋ? ನಾನು ಬರೆದರೆ ನನ್ನ ಊರಿನ ಹಂಬಲವನ್ನೇ ಅವರ ಬಾಯಿಗೆ ತುರುಕುತ್ತೇನೆ. ವಿದೇಶದಲ್ಲಿರುವ ನಮಗೆಲ್ಲ ಆ ಚಟ ಜಾಸ್ತಿ.

ಇಲ್ಲಿಂದ ನನ್ನ ಎರಡನೆಯ ತಕರಾರು. ಅದು ಲೇಖಕರ ಮೇಲಿಗಿಂತ ದಾಖಲೆಗಳ ಮೇಲಿನದು. ಗ್ಯಾನಿ, ಮಾಣೆಕ್, ಬಾಬಿ ಮೂವರೂ ಅಧಿಕಾರಿಗಳು. ಓದಿದವರು, ಕಾಗದ ಬರೆಯಬಲ್ಲವರು, ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡವರು. ಇಲ್ಲೇ ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿ ಆ ಯುದ್ಧದ ತುಕಡಿಗಳ ದಿನಚರಿಗಳಿವೆ; ಬರ್ಮಾ ಕಡೆಯವು ‘ಡಬ್ಲ್ಯು.ಓ. 172’ ಎಂಬ ಸರಣಿಯಲ್ಲಿ, ಈಜಿಪ್ಟ್ ಕಡೆಯವು ‘ಡಬ್ಲ್ಯು.ಓ. 169’ರಲ್ಲಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲಾಗ್ ಫೈಲುಗಳು. ದಿನಾಂಕ, ಜಾಗ, ಮಾಡಿದ ಕೆಲಸ. ಅಲ್ಲಿ ಅಧಿಕಾರಿ ರಜೆ ಹೋದರೂ ಹೆಸರು ಬರುತ್ತದೆ. ಸಿಪಾಯಿ ಸತ್ತರೆ ಸಾಮಾನ್ಯವಾಗಿ ‘ಐ.ಓ.ಆರ್.’ ಎಂಬ ಮೂರಕ್ಷರದ ಪಕ್ಕ ಒಂದು ಅಂಕಿ. ಭಾರತೀಯ ಇತರೆ ದರ್ಜೆಯವರು ಎಂದು ಅರ್ಥ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಎರಡನೆಯ ಮಹಾಯುದ್ಧದ ಭಾರತೀಯರು ಸುಮಾರು 87,000 ಮಂದಿ ಇದ್ದಾರೆ, ಹೆಸರು ಹಾಕಿ ಹುಡುಕಬಹುದು. ಆದರೆ ಅದು ಸತ್ತವರ ಪಟ್ಟಿ. ಮಿಲ್ಟ್ರಿ ತಾತನಂತೆ ಬದುಕಿ ಬಂದ ತಪ್ಪಿಗೆ ಅಲ್ಲೂ ಜಾಗವಿಲ್ಲ.

ಮೊದಲನೆಯ ಮಹಾಯುದ್ಧದ ಕಥೆ ಇನ್ನೂ ಶೋಚನೀಯ. ಅದೇ ಆಯೋಗ 2021ರಲ್ಲಿ ಹೊರತಂದ ವರದಿಯೇ ಒಪ್ಪಿಕೊಂಡಂತೆ, ಆಫ್ರಿಕಾ ಮತ್ತು ಏಷ್ಯಾ ಮೂಲದ ಕನಿಷ್ಠ 1,16,000 ಮಂದಿಗೆ, ಬಹುಶಃ 3,50,000ದವರೆಗೂ, ಹೆಸರಿನ ಸ್ಮಾರಕವಿಲ್ಲ, ಅಥವಾ ಸ್ಮಾರಕವೇ ಇಲ್ಲ. ಬ್ರೈಟನ್ ಹತ್ತಿರದ ಛತ್ರಿಗೆ ನಮ್ಮಲ್ಲಿ ಕೆಲವರು ಹೋಗಿರುತ್ತೀರಿ. ಹಿಂದೂ, ಸಿಖ್ ಸಿಪಾಯಿಗಳನ್ನು ದಹಿಸಿದ ಆ ಜಾಗದಲ್ಲಿ ಅಮೃತಶಿಲೆಯ ಛತ್ರಿ ಎದ್ದದ್ದು 1921ರಲ್ಲಿ. ಅಲ್ಲಿ ದಹನವಾದ 53 ಜನರ ಹೆಸರು ಆ ಸ್ಥಳದಲ್ಲಿ ಕೆತ್ತಿಸಿಕೊಂಡದ್ದು 2010ರಲ್ಲಿ. ಇದನ್ನು ನಮ್ಮ ಆತಕೂರಿನ ಶಾಸನದ ಪಕ್ಕಕ್ಕಿಟ್ಟು ನೋಡಿ. ಹತ್ತನೆಯ ಶತಮಾನದ ನಡುವೆ ಹಂದಿಯೊಡನೆ ಹೋರಾಡಿ ಸತ್ತ ಮಣಲೇರನ ನಾಯಿಗೂ ಒಂದು ಕಲ್ಲು ನಿಲ್ಲಿಸಿದರು. ನಾಯಿಯ ಹೆಸರು ಕಾಳಿ ಎಂಬುದು ಸಾವಿರ ವರ್ಷದ ಮೇಲೂ ನಮಗೆ ಗೊತ್ತಿದೆ.

ಹೀಗಾಗಿ ಕಾರ್ನಾಡರ ಪುಸ್ತಕವನ್ನು ಭಾರತದ ಮರೆತ ಯುದ್ಧದ ಕಥೆ ಎಂದು ಹೊಗಳುವಾಗ ಒಂದು ಮಾತು ಸೇರಿಸಿಕೊಳ್ಳಬೇಕು. ಅದು ಮರೆತವರಲ್ಲಿ ಹೆಚ್ಚು ನೆನಪಿನಲ್ಲಿ ಉಳಿಯಬಹುದಾಗಿದ್ದವರ ಕಥೆ. ಅದು ಲೇಖಕರ ದೋಷವಲ್ಲ. ಅವರ ಮನೆಯಲ್ಲಿದ್ದ ಫೋಟೋ ಯಾವುದೋ ಅದರ ಕಥೆಯನ್ನು ಅವರು ಬರೆದರು. ಹೆಬ್ಬೆಟ್ಟಿನ ಕಥೆ ಬರೆಯಬೇಕಾದವರು ನಾವು. ಅದಕ್ಕೆ ಈ ಪುಸ್ತಕದಿಂದ ಕಲಿಯಬೇಕಾದ್ದು ಅದರ ಹುಡುಕಾಟದ ಹಟವನ್ನು. ಒಬ್ಬನ ಬಗ್ಗೆ ಕಾಗದ ಇಲ್ಲದಿದ್ದರೆ ಅವನ ತುಕಡಿಯ ಬಗ್ಗೆ, ಅದೂ ಇಲ್ಲದಿದ್ದರೆ ಅವನು ಕಡಿದ ರಸ್ತೆಯ ಬಗ್ಗೆ, ಆ ವರ್ಷದ ಮಳೆಯ ಬಗ್ಗೆ ತಿಳಿದುಕೊಂಡು ಸುತ್ತಲಿನ ಜಗತ್ತನ್ನು ಗಟ್ಟಿಯಾಗಿ ಕಟ್ಟಬಹುದು. ನಡುವೆ ಮನುಷ್ಯನ ಆಕಾರದ ಒಂದು ಖಾಲಿ ಜಾಗ ಉಳಿಯುತ್ತದೆ. ಉಳಿಯಲಿ. ತಂಗಿಗೆ ನಾನು ಹೇಳಿರುವುದೂ ಅದನ್ನೇ: ಮಳೆಯ ಬಗ್ಗೆ ಬರೆ, ಬೆಟ್ಟದ ಬಗ್ಗೆ ಬರೆ, ತಾತನ ಮನಸ್ಸಿಗೆ ಹೋಗಬೇಕೆನ್ನಿಸಿದರೆ ಹೋಗು, ಆದರೆ ಬಾಗಿಲಲ್ಲಿ ನಿನ್ನ ಚಪ್ಪಲಿ ಬಿಟ್ಟಿರುವುದು ಓದುವವರಿಗೆ ಕಾಣಲಿ.

ಊರಿಗೆ ಹೋದಾಗ ಹಳೆಯ ಟ್ರಂಕು ತೆಗೆಸಿ ನೋಡಿ. ಸೇನೆಯ ಕಾಗದ ಸಿಕ್ಕರೆ ಹಿಂದು ಮುಂದು ಎರಡೂ ಬದಿ ಸ್ಕ್ಯಾನ್ ಮಾಡಿಕೊಳ್ಳಿ. ಸಂಖ್ಯೆ ಮತ್ತು ದಳದ ಹೆಸರು ಬರೆದಿಡಿ, ಮುಂದಿನ ಹುಡುಕಾಟಕ್ಕೆ ಅವೇ ಬೀಗದ ಕೈ. ಮನೆಯ ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಪಕ್ಕದಲ್ಲಿ ಹಾಕಿ. ‘ಫಾರ್ದೆಸ್ಟ್ ಫೀಲ್ಡ್’ ನನ್ನ ಹತ್ತಿರ ಒಂದು ಪ್ರತಿ ಇದೆ. ಮೊದಲು ಕೇಳಿದವರಿಗೆ ಕೊಡುತ್ತೇನೆ. ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ, ಅವನ್ನು ಅಳಿಸದೆ ನಿಮ್ಮವನ್ನೂ ಸೇರಿಸಿ ಹಿಂದಿರುಗಿಸಿ.