ಡೋಣಿಯ ನೆರೆ ಮತ್ತು ಅಧಿಕಾರಿಗಳ ಹೊಣೆ

ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬರ್ಥದ ಮಾತು ಸಾರವಾಡದ ಸೀಮೆಯಲ್ಲಿ ಹಳೆಯದು. ಅದೇ ಡೋಣಿ ಹೂಳು ತುಂಬಿ ಎರೆಹೊಲಗಳ ಮೇಲೆ ಹರಿಯುವುದೂ ಅಲ್ಲಿಯವರಿಗೆ ಹೊಸತಲ್ಲ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕವೇ ತತ್ತರಿಸಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸರ್ಕಾರವು ದಾನಿಗಳ ನೆರವಿನಿಂದ 'ಆಸರೆ' ಮನೆಗಳನ್ನು ಕಟ್ಟಿಸಿತು. ಅವುಗಳಲ್ಲಿ ಎಷ್ಟೋ ಮನೆಗಳು ವಾಸಿಸುವವರಿಲ್ಲದೆ ವರ್ಷಗಟ್ಟಲೆ ಪಾಳುಬಿದ್ದವು. ಮಳೆ ಯಾರ ಅಪರಾಧವೂ ಅಲ್ಲ. ಪಾಳುಬಿದ್ದ ಮನೆಯ ಹೊಣೆ ಯಾರದು?

2005ರ ವಿಪತ್ತು ನಿರ್ವಹಣಾ ಅಧಿನಿಯಮದಲ್ಲಿ ಇದಕ್ಕೆ ಉತ್ತರವಿರುವಂತೆ ತೋರುತ್ತದೆ. ಅದರ 56ನೆಯ ಪ್ರಕರಣದಂತೆ, ವಹಿಸಿದ ಕರ್ತವ್ಯದಿಂದ ಹಿಂದೆ ಸರಿದ ಅಧಿಕಾರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ವಿಧಿಸಬಹುದು. ಮೇಲಧಿಕಾರಿಯ ಲಿಖಿತ ಅನುಮತಿಯೋ ನ್ಯಾಯಸಮ್ಮತ ಕಾರಣವೋ ಇದ್ದರೆ ವಿನಾಯಿತಿ. ಆದರೆ 59ನೆಯ ಪ್ರಕರಣದಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ. ಲೆಕ್ಕ ಒಪ್ಪಿಸಬೇಕಾದವರೇ ಲೆಕ್ಕ ಕೇಳಲು ಅಪ್ಪಣೆ ಕೊಡಬೇಕು! ಈ ಕಾನೂನಿನ ಮುಖ್ಯ ದೋಷ ಇದು.

ಶಿಕ್ಷೆಯ ಭಯವಿದ್ದರೆ ಅಧಿಕಾರಿ ಕೈಕಟ್ಟಿ ಕುಳಿತಾನು ಎಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು. ಇಟಲಿಯ ಲಾಕ್ವಿಲಾದಲ್ಲಿ 2009ರಲ್ಲಿ ಭೂಕಂಪವಾದ ಬಳಿಕ, ಜನರಿಗೆ ಸುಳ್ಳು ಧೈರ್ಯ ಹೇಳಿದರೆಂದು ಏಳು ಮಂದಿಗೆ 2012ರಲ್ಲಿ ಶಿಕ್ಷೆಯಾಯಿತು. 2014ರಲ್ಲಿ ಮೇಲಿನ ನ್ಯಾಯಾಲಯವು ಅವರಲ್ಲಿ ಆರು ಮಂದಿ ವಿಜ್ಞಾನಿಗಳನ್ನು ಖುಲಾಸೆ ಮಾಡಿತು. ತಿಳಿಯದೆ ತಪ್ಪುವುದು ಬೇರೆ, ತಿಳಿದೂ ಎಚ್ಚರ ತಪ್ಪುವುದು ಬೇರೆ. ಎರಡನೆಯದಕ್ಕೆ 'ಪ್ರಮಾದ' ಎಂದು ಹೆಸರು. ಆ ಮಾತಿನ ತೂಕವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಇವೆರಡನ್ನು ಬೇರ್ಪಡಿಸುವ ಅಳತೆಗೋಲು ಅದೇ ಅಧಿನಿಯಮದಲ್ಲಿದೆ. ಪ್ರತಿ ಜಿಲ್ಲೆಗೂ ವಿಪತ್ತು ಯೋಜನೆಯಿರಬೇಕು, ಅದನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎನ್ನುತ್ತದೆ 31ನೆಯ ಪ್ರಕರಣ. ಮುಂಗಾರಿಗೆ ಮುನ್ನ ಆ ಯೋಜನೆಯನ್ನು ಡೋಣಿ ತೀರದ ಗ್ರಾಮಸಭೆಗಳಲ್ಲಿ ಓದಿ ಹೇಳಲಿ. ನೆರೆ ಇಳಿದ ಮೇಲೆ, ಬರೆದದ್ದೇನು, ಮಾಡಿದ್ದೇನು ಎಂಬುದನ್ನು ಅದೇ ಸಭೆಯ ಮುಂದಿಡಲಿ. ಪ್ರಾಮಾಣಿಕ ಅಧಿಕಾರಿಗೆ ಇದಕ್ಕಿಂತ ದೊಡ್ಡ ರಕ್ಷೆಯಿಲ್ಲ, ಪ್ರಮಾದಿಗೆ ಮರೆಯಿಲ್ಲ.

ಕೊನೆಗೊಂದು ಮಾತು ನಮ್ಮ ಟ್ರಸ್ಟುಗಳಿಗೆ. ನೆರೆಯ ಹೆಸರಿನಲ್ಲಿ ದಾನ ಸಂಗ್ರಹಿಸಿದವರೂ ಅದೇ ಸಭೆಯಲ್ಲಿ ಲೆಕ್ಕ ಓದಬೇಕು. ತಾನು ಲೆಕ್ಕ ಕೊಡದವನು ಸರ್ಕಾರವನ್ನು ಲೆಕ್ಕ ಕೇಳಿದರೆ ಆ ಮಾತಿಗೆ ಬಲವೆಲ್ಲಿಂದ ಬರಬೇಕು?